ಟಿಕೆಟ್ ಫ್ರೀ ಸರಿ, ಬಸ್ಸೆಲ್ಲಿ?

"ಹೆಂಗಸರಿಗೆ ಬಸ್ ಫ್ರೀ ಆಯ್ತಲ್ಲ, ಇನ್ನೂ ಓಡಾಟಕ್ಕೆ ಏನು ತೊಂದರೆ?" ಅಂತ ಕೇಳಿದ್ದೀರಿ. ಒಮ್ಮೆ ಉಡುಪಿ ಜಿಲ್ಲೆಯ ಒಳಗಿನ ಹಳ್ಳಿಗಳ ಕಡೆ ಬನ್ನಿ ಮಾರಾಯ್ರೆ.

ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ಒಳ್ಳೆಯದೇ, ನನಗೇನೂ ತಕರಾರಿಲ್ಲ. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ಉಡುಪಿ, ದಕ್ಷಿಣ ಕನ್ನಡದಲ್ಲಿ ಓಡುವುದು ಜಾಸ್ತಿ ಖಾಸಗಿ ಬಸ್ಸು. ಮೈಸೂರು ಕಡೆಯವರು ಆಧಾರ್ ತೋರಿಸಿ ಜೀರೋ ಟಿಕೆಟ್ ತಗೊಂಡು ಪೇಟೆಗೆ ಹೋಗಿ ಬರುತ್ತಾರೆ, ನಮ್ಮಲ್ಲಿ ಗೇರುಬೀಜ ಫ್ಯಾಕ್ಟರಿಗೆ ಹೋಗುವವರು ಎರಡೂ ಹೊತ್ತು ದುಡ್ಡು ಕೊಡಬೇಕು.

ದುಡ್ಡಿನದ್ದು ಹೇಗೋ ಆಗುತ್ತದೆ. ದೊಡ್ಡ ತಲೆಬಿಸಿ ಟೈಮಿನದ್ದು. ನಮ್ಮೂರಿಗೆ ಕೊನೆಯ ಬಸ್ಸು ಸಂಜೆ ಆರೂವರೆಗೆ, ಭಾನುವಾರ ಕಲೆಕ್ಷನ್ ಇಲ್ಲ ಅಂತ ಆ ಟ್ರಿಪ್ಪೂ ಕಟ್. ತಪ್ಪಿದರೆ ರಿಕ್ಷಾ ಬಾಡಿಗೆ ಮಾಡಬೇಕು, ಅರ್ಧ ದಿನದ ಕೂಲಿ ಅಲ್ಲಿಗೇ ಹೋಯಿತು. ನೆರೆಮನೆಯ ಅಕ್ಕನಿಗೆ ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು, ಸಂಬಳ ಫ್ಯಾಕ್ಟರಿಗಿಂತ ಚೆನ್ನಾಗಿತ್ತು, ಆದರೆ ಅಂಗಡಿ ಬಾಗಿಲು ಹಾಕುವುದೇ ರಾತ್ರಿ ಎಂಟಕ್ಕೆ. "ನನಗೆ ಆಗ್ಲಿಕ್ಕಿಲ್ಲ" ಅಂತ ಅವರೇ ಹೇಳಿಬಿಟ್ಟರು. ಅವರ ಮಗಳಿಗೆ ಸೈನ್ಸ್ ತಗೊಳ್ಳುವ ಆಸೆಯಿತ್ತು. ಲ್ಯಾಬ್ ಇದ್ದ ದಿನ ಬಸ್ಸು ಸಿಗುವುದಿಲ್ಲ ಅಂತ ಹತ್ತಿರದ ಕಾಲೇಜಿನಲ್ಲಿ ಆರ್ಟ್ಸ್‌ಗೆ ಸೇರಿದಳು. ನೋಡಿದವರು ಅವಳಿಗೆ ಅದೇ ಇಷ್ಟ ಅಂದುಕೊಳ್ಳುತ್ತಾರೆ. ಇದೆಲ್ಲ ಯಾವ ಸಮೀಕ್ಷೆಯಲ್ಲಿ ಬರುತ್ತದೆ ಹೇಳಿ?

ಮನೆಯಲ್ಲಿ ಬೈಕ್ ಇಲ್ವಾ ಅಂತ ಕೇಳಬಹುದು. ಇದೆ, ಬೆಳಿಗ್ಗೆಯೇ ಯಜಮಾನರ ಜೊತೆ ಹೋಗುತ್ತದೆ. ಬೈಕ್ ಬಂದ ಮೇಲೆಯೇ ಬಸ್ಸು ಕಮ್ಮಿಯಾದದ್ದು, ಅಲ್ವಾ? ಗಂಡಸರು ಬಸ್ಸು ಬಿಟ್ಟರು, ಕಲೆಕ್ಷನ್ ಇಳಿಯಿತು, ಮಾಲಕರು ಒಂದೊಂದೇ ಟ್ರಿಪ್ ನಿಲ್ಲಿಸಿದರು. ಈಗ ಸ್ಟಾಪಿನಲ್ಲಿ ಕಾಯುವುದು ಹೆಂಗಸರು, ಮಕ್ಕಳು, ಬಿಪಿ ಮಾತ್ರೆಗೆ ಸರ್ಕಾರಿ ಆಸ್ಪತ್ರೆಗೆ ಹೊರಟ ಅಜ್ಜ ಅಜ್ಜಿಯರು. ಇವರ ಮಾತು ಪಂಚಾಯತಿನಲ್ಲೂ ನಡೆಯುವುದು ಅಷ್ಟಕ್ಕಷ್ಟೇ.

ನಿಮ್ಮೂರಲ್ಲೂ ಹೀಗೇ ಇದ್ದರೆ ಕಂಡಕ್ಟರ್ ಹತ್ತಿರ ಸುಮ್ನೆ ಜಗಳ ಮಾಡಬೇಡಿ, ಅವರ ಕೈಯಲ್ಲಿ ಏನೂ ಇಲ್ಲ. ರೂಟು, ಟೈಮು ಎಲ್ಲ ಪರ್ಮಿಟ್ಟಿನಲ್ಲಿ ಇರುತ್ತದೆ, ಅದರ ಪ್ರಕಾರ ಓಡಿಸದಿದ್ದರೆ ಆರ್‌ಟಿಒ ಆಫೀಸಿಗೆ ದೂರು ಕೊಡಬಹುದು. ಬಸ್ಸಿನ ನಂಬರ್, ಟ್ರಿಪ್ ತಪ್ಪಿದ ತಾರೀಕು, ಹೊತ್ತು ಬರೆಯಿರಿ, ಹತ್ತು ಜನರ ಸಹಿ ಹಾಕಿಸಿ, ಕೊಟ್ಟದ್ದಕ್ಕೆ ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ. ಬರೀ "ಬಸ್ ಸರಿಯಾಗಿ ಬರುವುದಿಲ್ಲ" ಅಂತ ಬರೆದುಕೊಟ್ಟರೆ ಯಾರೂ ತಿರುಗಿ ನೋಡುವುದಿಲ್ಲ.