ಹುಬ್ಬಳ್ಳಿಯಲ್ಲಿ ಇಬ್ಬರು ಹೆಣ್ಣುಮಕ್ಕಳು ಮದುವೆ ರಜಿಸ್ಟರ್ ಮಾಡಿಸಬಹುದಾ? ಬಾಂಡ್ ಪೇಪರ್ ಮೇಲೆ ಬರೆಸಿಕೊಂಡರೆ ನಡೀತದಾ?

ನಿಮಗೆ 26, ನಿಮ್ಮ ಗೆಳತಿಗೆ 24 ಅಂತ ಬರೆದಿದ್ದೀರಿ. ಒಬ್ಬರು ರಾಣೆಬೆನ್ನೂರು, ಒಬ್ಬರು ಗದಗ, ಈಗ ಹುಬ್ಬಳ್ಳಿಯಲ್ಲಿ ಒಂದೇ ಬಾಡಿಗೆ ಮನೆ. 3,000 ರೂಪಾಯಿ ಕೊಟ್ಟರೆ ಬಾಂಡ್ ಮೇಲೆ ‘ನಾವು ದಂಪತಿ’ ಅಂತ ಬರೆದು ನೋಟರಿ ಸಿಕ್ಕಾ ಹಾಕಿಸಿಕೊಡ್ತೀನಿ ಅಂತ ಯಾರೋ ಹೇಳಿದ್ದಾರೆ. ತಂಗಿ, ಆ ದುಡ್ಡು ಕೊಡಬೇಡಿ. ಗಂಡು-ಹೆಣ್ಣಿಗೂ ನೋಟರಿ ಸಿಕ್ಕಾದಿಂದ ಮದುವೆ ಆಗುವುದಿಲ್ಲ.

ನಾನು ಧಾರವಾಡದಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ 19 ವರ್ಷದಿಂದ ಟೈಪಿಂಗ್ ಮಾಡುತ್ತೇನೆ. ನಾನು ಮತ್ತು ನನ್ನ ಸಂಗಾತಿ ಒಂದೇ ಮನೆಯಲ್ಲಿ ಇದ್ದು 14 ವರ್ಷವಾಯಿತು.

ಮೊದಲು ಕಾಯ್ದೆ. ನೀವು ಕೂಡಿ ಬಾಳುವುದು ಅಪರಾಧವಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಹಳೆಯ ಭಾರತೀಯ ದಂಡ ಸಂಹಿತೆಯ 377ನೇ ಕಲಮನ್ನು ಇಬ್ಬರು ವಯಸ್ಕರ ಒಪ್ಪಿಗೆಯ ಸಂಬಂಧಕ್ಕೆ ಹಚ್ಚಬಾರದು ಎಂದಿತು. 2024ರ ಜುಲೈ 1ರಿಂದ ಅದರ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಆದರೆ ಮದುವೆ ಬೇರೆ ಮಾತು. 1954ರ ವಿಶೇಷ ವಿವಾಹ ಕಾಯ್ದೆ ಗಂಡಿಗೆ 21, ಹೆಣ್ಣಿಗೆ 18 ಅಂತ ವಯಸ್ಸು ಹೇಳುತ್ತದೆ. ಇಬ್ಬರೂ ಹೆಣ್ಣಾದರೆ ಸಬ್ ರಿಜಿಸ್ಟ್ರಾರ್ ನಿಮ್ಮ ಮದುವೆಯ ನೋಟಿಸನ್ನೇ ತೆಗೆದುಕೊಳ್ಳುವುದಿಲ್ಲ. ಇದನ್ನು ಬದಲಿಸಿ ಅಂತ ಹೋದವರಿಗೆ 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಮದುವೆ ಮೂಲಭೂತ ಹಕ್ಕಲ್ಲ, ಕಾಯ್ದೆ ಮಾಡುವುದು ಸಂಸತ್ತಿನ ಕೆಲಸ ಎಂದಿತು. ಮದುವೆ ಬೇಡ, ಜೊತೆಬಾಳ್ವೆಗಾದರೂ ಕಾಯ್ದೆಯ ಮಾನ್ಯತೆ ಕೊಡಿ ಎಂಬುದಕ್ಕೆ ಆ ಪೀಠದ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ಕೌಲ್ ಒಪ್ಪಿದರು, ಉಳಿದ ಮೂವರು ಒಪ್ಪಲಿಲ್ಲ. ಮರುಪರಿಶೀಲನೆ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ತೀರ್ಪು ಬಂದ ದಿನ ನಾನು ಯಾರದೋ ಖರೀದಿ ಪತ್ರ ಟೈಪ್ ಮಾಡುತ್ತಿದ್ದೆ. ಒಂದೇ ಸಾಲು ಮೂರು ಸಲ ತಪ್ಪಿತು.

ಕಾಗದ ಯಾಕೆ ಬೇಕು ಅನ್ನುವುದು ನನಗೆ ಕೋರ್ಟಿನಲ್ಲಿ ತಿಳಿಯಲಿಲ್ಲ, ಒಂದು ಖಾಸಗಿ ಆಸ್ಪತ್ರೆಯಲ್ಲಿ ತಿಳಿಯಿತು. ಆರು ವರ್ಷದ ಹಿಂದೆ ನನ್ನ ಸಂಗಾತಿಗೆ ರಾತ್ರಿ ಹೊಟ್ಟೆನೋವು ಎದ್ದು ತುರ್ತು ಆಪರೇಶನ್ ಎಂದರು. ಫಾರಂನಲ್ಲಿ ‘ರೋಗಿಗೆ ಏನಾಗಬೇಕು’ ಎಂಬಲ್ಲಿ ಅಕ್ಕ ಅಂತ ಬರೆದೆ. ಕೌಂಟರಿನವರು ಇಬ್ಬರ ಆಧಾರ್ ಪಕ್ಕಪಕ್ಕ ಇಟ್ಟು ನೋಡಿ, ‘ತಂದಿ ಹೆಸರು ಬ್ಯಾರೆ, ಅಡ್ಡಹೆಸರೂ ಬ್ಯಾರೆ. ರಕ್ತಸಂಬಂಧದವರನ್ನ ಕರಸ್ರಿ’ ಅಂದರು. ಏಳು ವರ್ಷ ನಮ್ಮ ಜೊತೆ ಮಾತು ಬಿಟ್ಟಿದ್ದ ಅವಳ ಅಣ್ಣನಿಗೆ ಫೋನ್ ಹಚ್ಚಿದೆ. ಅವರು ಬರುವವರೆಗೆ ಮೆಟ್ಟಿಲ ಮೇಲೆ ಕೂತಿದ್ದೆ. ನರ್ಸ್ ತೆಗೆದುಕೊಟ್ಟ ಅವಳ ಹಸಿರು ಬಳೆ ನನ್ನ ಕರವಸ್ತ್ರದಲ್ಲಿ ಕಟ್ಟಿಕೊಂಡಿದ್ದೆ. ಅಣ್ಣ ಬಂದರು, ನನ್ನ ಹತ್ತಿರವೇ ಪೆನ್ನು ಇಸಿದುಕೊಂಡು, ಓದದೆ ಸಹಿ ಮಾಡಿದರು. ಅದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ನಾನು ಕಾದದ್ದು ಎರಡೂವರೆ ತಾಸು.

ಅವಳು ಎದ್ದು ಓಡಾಡಿದ ಮೇಲೆ ನಾವು ಮಾಡಿದ ಮೊದಲ ಕೆಲಸ ಮೃತ್ಯುಪತ್ರ, ಅದೇ ವಿಲ್. ಈ ವಯಸ್ಸಿಗೆ ಯಾಕೆ ಅನ್ನಬೇಡಿ. ಮೃತ್ಯುಪತ್ರ ಇಲ್ಲದೆ ಒಬ್ಬರು ತೀರಿಕೊಂಡರೆ ದುಡಿದು ಕೂಡಿಸಿದ ಹಣ, ಬಂಗಾರ, ಪ್ಲಾಟು ಎಲ್ಲ ಹುಟ್ಟಿದ ಮನೆಯವರಿಗೆ ಹೋಗುತ್ತದೆ, ಸಂಗಾತಿಗೆ ಒಂದು ರೂಪಾಯಿ ಇಲ್ಲ. ಅದಕ್ಕೆ ಸ್ಟಾಂಪ್ ಶುಲ್ಕ ಬೇಡ, ಬಿಳಿ ಹಾಳೆ ಸಾಕು, ಇಬ್ಬರು ಸಾಕ್ಷಿ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ನಿಮ್ಮಂಥವರು ಮಾಡಿಸಲೇಬೇಕು ಅಂತೀನಿ. ನಾಳೆ ಮನೆಯವರು ಖೊಟ್ಟಿ ಸಹಿ ಅಂದರೆ ಸಬ್ ರಿಜಿಸ್ಟ್ರಾರ್ ಮುಂದೆ ಕೊಟ್ಟ ಹೆಬ್ಬೆಟ್ಟು, ಫೋಟೋ ಕೆಲಸಕ್ಕೆ ಬರುತ್ತವೆ. ನಿಮ್ಮ ಗೆಳತಿಯನ್ನೇ ಸಾಕ್ಷಿ ಮಾಡಬೇಡಿ, ಆಸ್ತಿ ಪಡೆಯುವವರು ಸಾಕ್ಷಿ ಹಾಕಿದರೆ ಅನುಮಾನಕ್ಕೆ ದಾರಿ.

ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಿರಿ, ನಾಮಿನಿ ಹಾಕಿಸಿ. ಇದಕ್ಕೆ ಅಡ್ಡಿಯಿಲ್ಲ ಅಂತ ಕೇಂದ್ರದ ಹಣಕಾಸು ಸಚಿವಾಲಯವೇ 2024ರ ಆಗಸ್ಟಿನಲ್ಲಿ ಹೇಳಿದೆ. ಆದರೆ ನಾಮಿನಿ ಎಂದರೆ ಹಣ ಕೈಗೆ ತೆಗೆದುಕೊಳ್ಳುವವರು ಅಷ್ಟೇ, ಮಾಲೀಕರಲ್ಲ. ಆದ್ದರಿಂದ ನಾಮಿನಿಯ ಹಿಂದೆ ಮೃತ್ಯುಪತ್ರ ಇರಬೇಕು. ಪಿಎಫ್ ಮಾತ್ರ ತೊಡಕು: ನಿಮ್ಮ ಮೇಲೆ ಅವಲಂಬಿತರಾದ ತಂದೆ-ತಾಯಿ ಇದ್ದರೆ ಹೊರಗಿನವರ ಹೆಸರು ಹಾಕಿದ ನಾಮಿನೇಶನ್ ನಡೆಯುವುದಿಲ್ಲ. ರೇಶನ್ ಕಾರ್ಡಿನಲ್ಲಿ ಇಂಥ ಜೋಡಿಯನ್ನು ಒಂದೇ ಕುಟುಂಬ ಅಂತ ನೋಡಿ ಎಂದು ಅದೇ ವರ್ಷ ಕೇಂದ್ರ ರಾಜ್ಯಗಳಿಗೆ ಬರೆದಿದೆ. ಹತ್ತಿರದ ಸಂಬಂಧಿಕರು ಸಿಗದಾಗ ಸಂಗಾತಿಗೆ ಶವ ಒಪ್ಪಿಸಬಹುದು ಎಂದೂ ಪತ್ರವಿದೆ. ಆ ಪತ್ರಗಳ ಪ್ರತಿ ಕೈಯಲ್ಲಿ ಹಿಡಿದೇ ಕಚೇರಿಗೆ ಹೋಗಿ, ಬಾಯಿಮಾತಿಗೆ ಯಾರೂ ಕೇಳುವುದಿಲ್ಲ.

ಪ್ರಜ್ಞೆ ತಪ್ಪಿ ಹೇಳಲಾಗದ ಸ್ಥಿತಿ ಬಂದರೆ ಚಿಕಿತ್ಸೆ ಮುಂದುವರಿಸಬೇಕೋ ಬೇಡವೋ ಎಂಬುದನ್ನು ಯಾರು ಹೇಳಬೇಕು ಅಂತ ಮುಂಚೆಯೇ ಬರೆದಿಡಬಹುದು. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಇದ್ದರೆ ಅದು ನಡೆಯುತ್ತದೆ ಅಂತ ಸುಪ್ರೀಂ ಕೋರ್ಟು 2023ರಲ್ಲಿ ಹಾದಿ ಸುಲಭ ಮಾಡಿತು. ನೋಟರಿಯ ಹತ್ತಿರ ಹೋಗುವುದಿದ್ದರೆ ಇದಕ್ಕೆ ಹೋಗಿ.

ಇನ್ನು ನೀವು ಕೊನೆಗೆ ಕೇಳಿದ್ದು, ಗದಗಿನಿಂದ ಮನೆಯವರು ಬಂದು ಅವಳನ್ನು ಎತ್ತಿಕೊಂಡು ಹೋದರೆ ಏನು ಮಾಡಬೇಕು ಅಂತ. ನಿಮ್ಮ ಪ್ರಶ್ನೆಯಲ್ಲಿ ನನಗೆ ನಿದ್ದೆಗೆಡಿಸಿದ ಸಾಲು ಇದೇ. ಆಕೆ ವಯಸ್ಕಳು. ‘ನನ್ನ ಇಚ್ಛೆಯಿಂದ ಇಲ್ಲಿದ್ದೇನೆ’ ಅಂತ ಆಕೆ ಸ್ವಂತ ಕೈಯಿಂದ ಬರೆದು, ತಾರೀಖು ಹಾಕಿದ ಪತ್ರವನ್ನು ಈಗಲೇ ನಂಬಿಗಸ್ತ ವಕೀಲರ ಹತ್ತಿರ ಇಡಿ. ಕೂಡಿಹಾಕಿದರೆ ಧಾರವಾಡ ಹೈಕೋರ್ಟ್ ಪೀಠದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಅನ್ನುವ ಅರ್ಜಿ, ಹಾಕಬಹುದು. ಇಂಥ ಪ್ರಕರಣಗಳಲ್ಲಿ ನ್ಯಾಯಮೂರ್ತಿಗಳು ಆಕೆಯನ್ನು ಮನೆಯವರಿಲ್ಲದೆ ಒಬ್ಬಳನ್ನೇ ಮಾತಾಡಿಸಬೇಕು, ಸಮಾಲೋಚನೆಯ ಹೆಸರಿನಲ್ಲಿ ಮನಸ್ಸು ತಿರುಗಿಸುವ ಪ್ರಯತ್ನ ಮಾಡಬಾರದು ಎಂದು ಸುಪ್ರೀಂ ಕೋರ್ಟು 2024ರ ಮಾರ್ಚಿನಲ್ಲಿ ಎಲ್ಲ ಹೈಕೋರ್ಟುಗಳಿಗೆ ಸೂಚನೆ ಕೊಟ್ಟಿದೆ. ವಕೀಲರ ಫೀಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವಿದೆ. ಫೋನ್ ನಂಬರ್ 15100.

ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇದೆಯಾ ಅಂತ ಇವತ್ತೇ ತೆಗೆದು ನೋಡಿ. ಇಲ್ಲದಿದ್ದರೆ ಮುಂದಿನ ಕರಾರಿಗೆ ಕಾಯದೆ, ಮಾಲೀಕರಿಗೆ ಹೇಳಿ ಈಗಲೇ ಸೇರಿಸಿಕೊಳ್ಳಿ.