ಸ್ಟೀರಿಯೋ ಸ್ಲೈಡ್ ಕೈಯಲ್ಲಿ ನೋಡಿದರೆ ಚೆನ್ನಾಗಿದೆ, ಪರದೆ ಮೇಲೆ ಹಾಕಿದರೆ ಕಣ್ಣು ನೋಯುತ್ತದೆ. ಯಾಕೆ?

ನಿಮ್ಮ ಕಷ್ಟ ನನಗೆ ಚೆನ್ನಾಗಿ ಗೊತ್ತು. ಸ್ಟೀರಿಯೋ ಸ್ಲೈಡ್ ಅಂದರೆ ಎಡಗಣ್ಣಿಗೊಂದು, ಬಲಗಣ್ಣಿಗೊಂದು ಅಂತ ತೆಗೆದ ಎರಡು ಚಿತ್ರಗಳ ಜೋಡಿ, ಒಟ್ಟಿಗೆ ನೋಡಿದರೆ ದೃಶ್ಯದ ಆಳ ಕಾಣುತ್ತದೆ. ಹ್ಯಾಂಡ್ ವ್ಯೂವರ್‌ನಲ್ಲಿ ಎಲ್ಲ ಸ್ಲೈಡೂ ಸೊಗಸಾಗಿ ಕಾಣುತ್ತವೆ. ಎರಡು ಪ್ರೊಜೆಕ್ಟರ್ ಇಟ್ಟು, ಪೋಲರೈಸ್ಡ್ ಕನ್ನಡಕ (ಒಂದೊಂದು ಕಣ್ಣಿಗೂ ಅದರದೇ ಚಿತ್ರವನ್ನು ಮಾತ್ರ ಬಿಡುವಂಥದ್ದು) ಹಾಕಿ ನೋಡಿದರೆ ಮಾತ್ರ ಕಣ್ಣು ಎಳೆದ ಹಾಗಾಗುತ್ತದೆ, ಒಂದೊಂದು ಸ್ಲೈಡಿಗೂ ಪ್ರೊಜೆಕ್ಟರನ್ನು ಮೇಲೆ ಕೆಳಗೆ ಮಾಡಬೇಕಾಗುತ್ತದೆ ಅಂತ ಬರೆದಿದ್ದೀರಿ. ನಾನು ಮೊದಲ ಸಲ ನಾಲ್ಕು ಜನರಿಗೆ ತೋರಿಸಿದಾಗಲೂ ಹೀಗೇ ಆಯಿತು. ಹತ್ತನೇ ಸ್ಲೈಡ್ ಬರುವಷ್ಟರಲ್ಲಿ ಇಬ್ಬರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಳ್ಳುತ್ತಿದ್ದರು. ಅವತ್ತು ನನಗೆ ನಿಜವಾಗಿಯೂ ಬೇಜಾರಾಗಿತ್ತು.

ಪ್ರೊಜೆಕ್ಟರನ್ನು ಬಿಡಿ, ಅದರ ತಪ್ಪಿಲ್ಲ. ಫ್ರೇಮಿನೊಳಗೆ ಫಿಲ್ಮ್ ಹೇಗೆ ಕೂತಿದೆ ಅನ್ನುವುದೇ ಎಲ್ಲ. ವ್ಯೂವರ್ ಕೈಯಲ್ಲಿದ್ದಾಗ ನಮಗೇ ಗೊತ್ತಾಗದ ಹಾಗೆ ಅದನ್ನು ಕೊಂಚ ವಾಲಿಸಿ ಸರಿ ಮಾಡಿಕೊಳ್ಳುತ್ತೇವೆ. ಪರದೆ ಮುಂದೆ ಕೂತವರಿಗೆ ಆ ಅನುಕೂಲ ಇಲ್ಲ. ಒಂದು ಸ್ಲೈಡಿನಲ್ಲಿ ಎಡಚಿತ್ರ ಮೇಲಿದ್ದು, ಮುಂದಿನದರಲ್ಲಿ ಕೆಳಗಿದ್ದರೆ, ಕಣ್ಣು ಪ್ರತಿ ಸಲ ಹೊಸದಾಗಿ ಹೊಂದಿಕೊಳ್ಳಬೇಕು, ಸುಸ್ತಾಗುವುದು ಅದಕ್ಕೇ. ಸ್ವಲ್ಪ ಲೆಕ್ಕ ಹಾಕಿ ನೋಡಿ: 36 ಮಿ.ಮೀ. ಅಗಲದ ಚಿತ್ರವನ್ನು 1.8 ಮೀಟರ್ ಪರದೆಗೆ ಹಿಗ್ಗಿಸಿದರೆ 50 ಪಟ್ಟು. ಫ್ರೇಮಿನಲ್ಲಿ 0.2 ಮಿ.ಮೀ. ಏರುಪೇರಾದರೆ ಪರದೆ ಮೇಲೆ ಒಂದು ಸೆಂಟಿಮೀಟರ್! ಹಾಗಾಗಿ 0.1 ಮಿ.ಮೀ. ಒಳಗೆ ತರಲು ನೋಡಿ. ಕಷ್ಟ ಅನಿಸಬಹುದು, ಆದರೆ ಒಳ್ಳೆ ಭೂತಕನ್ನಡಿ ಇದ್ದರೆ ಆಗುತ್ತದೆ.

ನಿಮ್ಮದು 50×50 ಮಿ.ಮೀ. ಫ್ರೇಮುಗಳ ಜೋಡಿ ಅಲ್ವಾ? ಹಾಗಿದ್ದರೆ ಮೊದಲು ಒಂದು ಗೇಜ್ ಮಾಡಿಕೊಳ್ಳಿ. ಒಂದು ಪಾರದರ್ಶಕ ಹಾಳೆ ಮೇಲೆ ಎರಡು ಫ್ರೇಮ್ ಪಕ್ಕಪಕ್ಕ ಅಲುಗಾಡದೆ ಕೂರುವ ಜಾಗ ಬೇಕು. ಎರಡಕ್ಕೂ ಒಂದೇ ಎತ್ತರದಲ್ಲಿ ಹಾದುಹೋಗುವ ಅಡ್ಡಗೆರೆಗಳು, ಎರಡರಲ್ಲೂ ಒಂದೇ ಜಾಗದಲ್ಲಿ ಬರುವ ಉದ್ದಗೆರೆಗಳು ಬೇಕು. ಗೆರೆ ತೆಳ್ಳಗಿರಲಿ, ದಪ್ಪ ಗೆರೆಯಲ್ಲೇ 0.3 ಮಿ.ಮೀ. ಮುಚ್ಚಿಹೋಗುತ್ತದೆ. ಇದನ್ನು ಲೈಟ್ ಬಾಕ್ಸ್ ಮೇಲೆ ಇಟ್ಟು, ಫಿಲ್ಮಿನ ಹೊಳೆಯುವ ಬದಿ ನಿಮ್ಮ ಕಡೆ ಬರುವ ಹಾಗೆ ಇಟ್ಟುಕೊಂಡು ಕೆಲಸ ಮಾಡಿ.

ಮೊದಲು ಎತ್ತರ. ದೂರದ ಒಂದು ಚೂಪಾದ ಬಿಂದು ಹುಡುಕಿ. ನನ್ನ ಹತ್ತಿರ ಒಂದು ಸ್ಲೈಡ್ ಇದೆ: ಹೊಳೆ ದಂಡೆ, ಆಚೆ ದಡದಲ್ಲಿ ಒಂದು ಕಂಬ, ಇತ್ತ ಎಡಗಡೆಯಿಂದ ಚಿತ್ರದೊಳಗೆ ಚಾಚಿಕೊಂಡ ಒಂದು ಕೊಂಬೆ. ಕಂಬದ ತುದಿ ಎರಡೂ ಫ್ರೇಮಿನಲ್ಲಿ ಒಂದೇ ಅಡ್ಡಗೆರೆಗೆ ತಾಗಿತ್ತು, ನಾನು ಮುಗಿಯಿತು ಅಂದುಕೊಂಡಿದ್ದೆ. ಬಲಗಡೆ ಅಂಚಿನ ಬಂಡೆಯನ್ನು ನೋಡಿದರೆ ಅದು ಒಂದರಲ್ಲಿ ಗೆರೆಯ ಮೇಲೆ, ಇನ್ನೊಂದರಲ್ಲಿ ಕೆಳಗೆ. ಅಂದರೆ ಫಿಲ್ಮ್ ತುಂಡು ಕೂದಲೆಳೆಯಷ್ಟು ತಿರುಗಿತ್ತು. ಹಾಗಾಗಿ ಯಾವತ್ತೂ ಎರಡು ಬಿಂದು ನೋಡಿ, ಒಂದು ಎಡ ಅಂಚಿನ ಹತ್ತಿರ, ಒಂದು ಬಲ ಅಂಚಿನ ಹತ್ತಿರ. ಪಿನ್ ಇರುವ ಫ್ರೇಮ್ ಸಿಕ್ಕರೆ ಅರ್ಧ ಕೆಲಸ ಕಡಿಮೆ, ಫಿಲ್ಮಿನ ತೂತುಗಳೇ ಎತ್ತರವನ್ನು ಹಿಡಿದುಕೊಳ್ಳುತ್ತವೆ. ಆದರೆ ಎರಡು ಕ್ಯಾಮೆರಾ ಜೋಡಿಸಿ ತೆಗೆದ ಚಿತ್ರವಾದರೆ ಕ್ಯಾಮೆರಾಗಳೇ ಓರೆ ಇದ್ದಿರಬಹುದು, ಆಗ ಪಿನ್ ನಂಬಬೇಡಿ.

ಆಮೇಲೆ ಅಡ್ಡ ಸರಿಸುವುದು. ಸ್ಟೀರಿಯೋ ಕಿಟಕಿ ಅನ್ನುವುದು ಇಲ್ಲಿ ಬರುತ್ತದೆ, ನನಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ಪರದೆಯ ಚೌಕಟ್ಟು ಒಂದು ಕಿಟಕಿ, ದೃಶ್ಯ ಅದರ ಆಚೆ ಇರಬೇಕು. ತೀರಾ ಹತ್ತಿರದ ವಸ್ತು ಎರಡೂ ಫ್ರೇಮಿನಲ್ಲಿ ಒಂದೇ ಉದ್ದಗೆರೆಗೆ ತಾಗಿದರೆ, ಅದು ಸರಿಯಾಗಿ ಕಿಟಕಿಯ ಮಟ್ಟದಲ್ಲಿ ಕೂರುತ್ತದೆ. ದೂರದ ಬಿಂದು ಬಲಫ್ರೇಮಿನಲ್ಲಿ ಬಲಕ್ಕೆ ಸರಿದಿರುತ್ತದೆ. ಈ ವ್ಯತ್ಯಾಸ 1.2 ಮಿ.ಮೀ. ಇದ್ದರೆ 50 ಪಟ್ಟಿಗೆ 60 ಮಿ.ಮೀ. ಆಯಿತು, ನಮ್ಮ ಎರಡು ಕಣ್ಣಿನ ನಡುವಿನ ಅಂತರದಷ್ಟೇ, ಆರಾಮಾಗಿರುತ್ತದೆ. ಅದಕ್ಕಿಂತ ತುಂಬಾ ಜಾಸ್ತಿಯಾದರೆ ಕಣ್ಣುಗಳು ಹೊರಕ್ಕೆ ತಿರುಗಬೇಕಾಗುತ್ತದೆ, ಮುಂದಿನ ಸಾಲಿನವರಿಗೆ ಮೊದಲು ತೊಂದರೆ.

ನನ್ನ ಸ್ಲೈಡಿನಲ್ಲಿ ಆ ಕೊಂಬೆ ಕಿಟಕಿಯಿಂದ ಈಚೆ ಬಂದಿತ್ತು, ಆದರೆ ಎಡ ಅಂಚು ಅದನ್ನು ಕತ್ತರಿಸುತ್ತಿತ್ತು. ಹಿಂದಿರುವ ಚೌಕಟ್ಟು ಮುಂದಿರುವ ಕೊಂಬೆಯನ್ನು ಕತ್ತರಿಸುವುದು ಹೇಗೆ ಸಾಧ್ಯ? ಮನಸ್ಸು ಒಪ್ಪುವುದಿಲ್ಲ, ಚಿತ್ರ ಅಲ್ಲೇ ಒಡೆದುಹೋಗುತ್ತದೆ. ಎಡ ತುಂಡನ್ನು ಎಡಕ್ಕೆ, ಬಲ ತುಂಡನ್ನು ಬಲಕ್ಕೆ ಸ್ವಲ್ಪ ಸರಿಸಿದೆ, ಕೊಂಬೆ ಕಿಟಕಿಯ ಹಿಂದಕ್ಕೆ ಹೋಯಿತು. ಹಾಗೆ ಸರಿಸಿದಾಗ ಫಿಲ್ಮಿನ ಅಂಚು ಕಾಣಿಸಿತು, ಅದಕ್ಕೆ ಸ್ವಲ್ಪ ಕಿರಿದಾದ ಫ್ರೇಮ್ ಹಾಕಬೇಕಾಯಿತು. ಯಾವ ಅಂಚೂ ಮುಟ್ಟದ ವಸ್ತು ಈಚೆ ಬಂದರೆ ಪರವಾಗಿಲ್ಲ, ಚೆಂದವೇ. ಎಡ ಬಲ ಅಂಚುಗಳ ವಿಷಯದಲ್ಲಿ ಮಾತ್ರ ಬಿಗಿಯಾಗಿರಿ.

ಕಿಟಕಿ ಸರಿ ಇದೆಯಾ ಅಂತ ಗೇಜ್ ಇಲ್ಲದೆಯೂ ತಿಳಿಯಬಹುದು. ಎಡ ಅಂಚಿನಲ್ಲಿ ಬಲಗಣ್ಣಿನ ಚಿತ್ರ ಸ್ವಲ್ಪ ಜಾಸ್ತಿ ತೋರಿಸಬೇಕು, ಬಲ ಅಂಚಿನಲ್ಲಿ ಎಡಗಣ್ಣಿನ ಚಿತ್ರ ಜಾಸ್ತಿ ತೋರಿಸಬೇಕು. ಮನೆ ಕಿಟಕಿ ಮುಂದೆ ನಿಂತು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಅಲ್ಲೂ ಹಾಗೇ.

ಎಲ್ಲ ಜೋಡಿಯನ್ನೂ ಇದೇ ಒಂದು ಗೇಜಿಗೆ ಹೊಂದಿಸಿ. ಆಮೇಲೆ ಅಡ್ಡ ಉದ್ದ ಗೆರೆ ಇರುವ ಒಂದೇ ತರಹದ ಎರಡು ಸ್ಲೈಡ್ ಮಾಡಿಕೊಂಡು, ಪ್ರದರ್ಶನಕ್ಕೆ ಮುಂಚೆ ಪ್ರೊಜೆಕ್ಟರುಗಳನ್ನು ಅದರಲ್ಲಿ ಒಂದು ಸಲ ಹೊಂದಿಸಿ, ಮುಗಿಯುವವರೆಗೆ ಮುಟ್ಟಬೇಡಿ. ಪರದೆ ಬೆಳ್ಳಿ ಬಣ್ಣದ್ದೇ ಆಗಿರಬೇಕು, ಬಿಳಿ ಪರದೆ ಪೋಲರೈಸೇಶನ್ ಕೆಡಿಸಿ ಎರಡೆರಡು ನೆರಳು ತೋರಿಸುತ್ತದೆ. ಒಂದು ಕಡೆ ಗಾಜಿನ ಫ್ರೇಮ್, ಇನ್ನೊಂದು ಕಡೆ ಗಾಜಿಲ್ಲದ್ದು ಹಾಕಬೇಡಿ. ಗಾಜಿಲ್ಲದ ಫಿಲ್ಮ್ ಬಿಸಿಗೆ ಉಬ್ಬುತ್ತದೆ, ಒಂದು ಕಣ್ಣಿಗೆ ಫೋಕಸ್ ತಪ್ಪುತ್ತದೆ. ಫಿಲ್ಮ್ ಅಂಟಿಸಲು ಸಾಮಾನ್ಯ ಟೇಪ್ ಬೇಡ, ಪ್ರೊಜೆಕ್ಟರಿನ ಬಿಸಿಗೆ ಅದರ ಅಂಟು ಹರಿಯುತ್ತದೆ. ತೆಳ್ಳನೆ ಪಾಲಿಯೆಸ್ಟರ್ ಟೇಪ್ ಹಾಕಿ.

ಇನ್ನೊಂದು. ಫ್ರೇಮನ್ನು ಟಕ್ ಅಂತ ಮುಚ್ಚುವಾಗಲೇ ಎಷ್ಟೋ ಸಲ ಫಿಲ್ಮ್ ಸರಿದುಬಿಡುತ್ತದೆ. ಮುಚ್ಚಿದ ಮೇಲೆ ಮತ್ತೆ ಗೇಜಿಗೆ ಇಟ್ಟು ಅದೇ ಎರಡು ಬಿಂದು ನೋಡಿ, ಸರಿ ಇದ್ದರೆ ಮಾತ್ರ ಎಡ, ಬಲ ಅಂತ ಗುರುತು ಹಾಕಿ ಪೆಟ್ಟಿಗೆಗೆ ಇಡಿ.