ಶಾಲೆಯ ಆಸ್ಬೆಸ್ಟಾಸ್ ಶೀಟನ್ನು ಶ್ರಮದಾನದಲ್ಲಿ ಇಳಿಸಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಮಂಗಳೂರಿನಲ್ಲಿ ನಿಮ್ಮ ಮಗಳು ಓದುವ ಅನುದಾನಿತ ಶಾಲೆಯ ಊಟದ ಹಾಲ್‌ಗೂ ಎರಡು ತರಗತಿಗಳಿಗೂ ಹಳೆಯ ಸಿಮೆಂಟ್ ಶೀಟಿನ ಮಾಡು ಇದೆ. ಬೇಸಿಗೆ ರಜೆಯಲ್ಲಿ ಪೋಷಕರು, ಹಳೆ ವಿದ್ಯಾರ್ಥಿಗಳು ಸೇರಿ ಶ್ರಮದಾನದಲ್ಲಿ ಅದನ್ನು ಇಳಿಸುವುದೆಂದು ಮೀಟಿಂಗ್‌ನಲ್ಲಿ ತೀರ್ಮಾನವಾಗಿದೆ. ಇದರಲ್ಲಿ ಅಪಾಯ ಇದೆಯೇ, ಕಾನೂನು ಏನು ಹೇಳುತ್ತದೆ?

ಶೀಟ್ ಖಂಡಿತ ತೆಗೆಸಿ. ಆದರೆ ಶ್ರಮದಾನದಲ್ಲಿ ಬೇಡ. ನಾನು ಸಿವಿಲ್ ಎಂಜಿನಿಯರ್. ಮಂಗಳೂರು, ಉಡುಪಿ ಕಡೆ ಹಳೆ ಕಟ್ಟಡಗಳ ರಿಪೇರಿ ಮಾಡಿಸುತ್ತೇನೆ, ಅದರಲ್ಲಿ ಶಾಲೆಗಳೇ ಜಾಸ್ತಿ. ಶೀಟ್ ಮೇಲಿದ್ದಾಗ ಇರುವ ಅಪಾಯಕ್ಕಿಂತ ಅದನ್ನು ಇಳಿಸುವ ದಿನದ ಅಪಾಯ ಬಹಳ ದೊಡ್ಡದು. ನಿಮ್ಮ ಮೀಟಿಂಗ್‌ನಲ್ಲಿ ಈ ಒಂದು ಮಾತು ಎಲ್ಲರಿಗೂ ತಲುಪಿದರೆ ಸಾಕು.

ಹಳೆಯ ಸಿಮೆಂಟ್ ಶೀಟಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 8ರಿಂದ 10 ಪಾಲು ಆಸ್ಬೆಸ್ಟಾಸ್ ಇರುತ್ತದೆ. ಅದು ಕಲ್ಲಿನಿಂದ ಬರುವ ನಾರು. ಶೀಟ್ ಗಟ್ಟಿಯಾಗಿ ಇಡಿಯಾಗಿದ್ದರೆ ಸಿಮೆಂಟ್ ಆ ನಾರನ್ನು ಹಿಡಿದುಕೊಂಡಿರುತ್ತದೆ. ಒಡೆದಾಗ, ಡ್ರಿಲ್ ಹಾಕಿದಾಗ, ಗರಗಸದಲ್ಲಿ ಕೊಯ್ದಾಗ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಾಗಿ ಗಾಳಿಗೆ ಸೇರುತ್ತದೆ. ಉಸಿರಿನ ಜೊತೆ ಒಳಗೆ ಹೋದ ಎಳೆಯನ್ನು ದೇಹ ಪೂರ್ತಿ ಹೊರಹಾಕುವುದಿಲ್ಲ, ಕರಗಿಸುವುದೂ ಇಲ್ಲ. ಎಲ್ಲ ಬಗೆಯ ಆಸ್ಬೆಸ್ಟಾಸೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಶ್ವಾಸಕೋಶದ ಕ್ಯಾನ್ಸರ್ ಒಂದು. ಶ್ವಾಸಕೋಶದ ಸುತ್ತಲಿನ ಪೊರೆಗೆ ಬರುವ ಮೆಸೊಥೆಲಿಯೋಮಾ ಇನ್ನೊಂದು. ಕಾಯಿಲೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 20ರಿಂದ 40 ವರ್ಷ ಕಳೆದ ಮೇಲೆ. ಎಂಟು ವರ್ಷದ ಮಗುವಿಗೆ ಅಷ್ಟು ವರ್ಷ ಮುಂದಿದೆ, ಅಲ್ವಾ? ಶಾಲೆ ಎಂದಾಗ ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ನಮ್ಮ ಕರಾವಳಿಗೆ ಇನ್ನೊಂದು ತೊಂದರೆ ಇದೆ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಹತ್ತಾರು ಮಳೆಗಾಲ ಕಂಡ ಶೀಟಿನ ಮೇಲ್ಪದರದ ಸಿಮೆಂಟ್ ತೊಳೆದುಹೋಗಿ ನಾರು ಸಡಿಲವಾಗುತ್ತದೆ. ಅದರ ಮೇಲೆ ಪಾಚಿ ಕಟ್ಟುತ್ತದೆ. ಮೇ ತಿಂಗಳಲ್ಲಿ ಯಾರೋ ಒಬ್ಬರು ತಂತಿ ಬ್ರಷ್ ಹಿಡಿದು ಮಾಡು ಹತ್ತಿ ಆ ಪಾಚಿ ಕೆರೆಯುತ್ತಾರೆ. ದಯವಿಟ್ಟು ಇದನ್ನು ಮೊದಲು ನಿಲ್ಲಿಸಿ. ಪ್ರೆಶರ್ ವಾಷ್ ಕೂಡ ಬೇಡ.

ಕಾನೂನಿನ ವಿಷಯಕ್ಕೆ ಬರೋಣ. ಭಾರತದಲ್ಲಿ ಆಸ್ಬೆಸ್ಟಾಸ್ ಗಣಿಗಾರಿಕೆ ನಿಂತಿದೆ, ಆದರೆ ಹೊರದೇಶದಿಂದ ಬಿಳಿ ಆಸ್ಬೆಸ್ಟಾಸ್ ತರಿಸಿ ಶೀಟ್ ಮಾಡುವುದಕ್ಕೆ ತಡೆ ಬಿದ್ದಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟ್ ಆಸ್ಬೆಸ್ಟಾಸ್ ಕಾರ್ಖಾನೆಗಳ ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕೆಂದು ಆದೇಶಿಸಿತು. ಆ ನಾರು ಎಷ್ಟು ನಿಧಾನವಾಗಿ ಕೊಲ್ಲುತ್ತದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಶಾಲೆಗಳ ಬಗ್ಗೆ ಪಕ್ಕದ ಕೇರಳದ ಮಾನವ ಹಕ್ಕುಗಳ ಆಯೋಗ 2009ರಲ್ಲೇ ಆಸ್ಬೆಸ್ಟಾಸ್ ಮಾಡು ತೆಗೆದು ಹಂಚು ಹಾಕಿ ಎಂದು ಹೇಳಿತ್ತು. ನಮ್ಮಿಂದ ತಲಪಾಡಿ ದಾಟಿದರೆ ಕೇರಳ.

ಶಾಲಾ ಕಟ್ಟಡದ ಸುರಕ್ಷತೆಗೆ ಅದೇ 2009ರ ಸುಪ್ರೀಂ ಕೋರ್ಟ್ ತೀರ್ಪೇ ಆಧಾರ. 2004ರಲ್ಲಿ ಕುಂಭಕೋಣಂನ ಶಾಲೆಯೊಂದರ ಸೋಗೆಯ ಮಾಡಿಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಆ ದುರಂತದ ನಂತರದ ಪ್ರಕರಣ ಅದು. ಶಾಲೆಗಳು ರಾಷ್ಟ್ರೀಯ ಕಟ್ಟಡ ಸಂಹಿತೆ ಪಾಲಿಸಬೇಕು, ಎಂಜಿನಿಯರ್‌ಗಳು ಕಟ್ಟಡವನ್ನು ಆಗಾಗ ಪರೀಕ್ಷಿಸಬೇಕು ಎಂದು ಕೋರ್ಟ್ ಹೇಳಿತು. ಹಾಗಾಗಿಯೇ ಇವತ್ತು ಶಾಲೆಗಳಿಂದ ಕಟ್ಟಡ ಸುರಕ್ಷತೆ ಮತ್ತು ಅಗ್ನಿ ಸುರಕ್ಷತೆಯ ಪ್ರಮಾಣಪತ್ರ ಕೇಳುತ್ತಾರೆ. ಒಳ್ಳೆಯದೇ. ಆದರೆ ನಾನು ನೋಡಿದ ವರದಿಗಳಲ್ಲಿ ಪಿಲ್ಲರ್, ಮೆಟ್ಟಿಲು, ವೈರಿಂಗ್, ಬೆಂಕಿ ಆರಿಸುವ ಸಿಲಿಂಡರ್ ಎಲ್ಲ ಇರುತ್ತದೆ. ಶೀಟಿನಲ್ಲಿ ಆಸ್ಬೆಸ್ಟಾಸ್ ಇದೆಯೇ ಎಂಬ ಸಾಲು ಮಾತ್ರ ಇರುವುದಿಲ್ಲ. ಆದ್ದರಿಂದ "ನಮ್ಮಲ್ಲಿ ಸರ್ಟಿಫಿಕೇಟ್ ಇದೆ" ಎಂದು ಶಾಲೆಯವರು ಹೇಳಿದರೆ ಅದು ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲ.

ಅಮೆರಿಕದಲ್ಲಿ 1986ರಿಂದ ಇದಕ್ಕೆಂದೇ ಕಾನೂನು ಇದೆ. ಆಸ್ಬೆಸ್ಟಾಸ್ ಇರುವ ಶಾಲೆಯನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು, ಆರು ತಿಂಗಳಿಗೊಮ್ಮೆ ಕಣ್ಣು ಹಾಯಿಸಬೇಕು, ಎಲ್ಲಿ ಏನಿದೆ ಎಂಬ ದಾಖಲೆಯನ್ನು ಪೋಷಕರು ಕೇಳಿದಾಗ ತೋರಿಸಬೇಕು. ಪರೀಕ್ಷೆ ಸರಿಯಾಗಿ ಆಗಿಲ್ಲ ಎಂದು ಗೊತ್ತಾಗಿ 1993ರಲ್ಲಿ ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳು ತೆರೆಯುವುದನ್ನೇ ಮುಂದೂಡಿದರು. ಅಂಥದ್ದೊಂದು ಪುಸ್ತಕ ಇಡಲು ನಿಮ್ಮ ಶಾಲೆಗೆ ಯಾರ ಅಪ್ಪಣೆಯೂ ಬೇಕಿಲ್ಲ. ಯಾವ ಕೋಣೆಗೆ ಶೀಟ್, ಯಾವಾಗ ಹಾಕಿದ್ದು, ಎಲ್ಲಿ ಬಿರುಕು, ಇಷ್ಟು ಬರೆದಿಟ್ಟರೆ ಸಾಕು.

ಇನ್ನು ಇಳಿಸುವ ಕೆಲಸ. ನೀವು ಕೆಲಸ ಬಲ್ಲ ಕಂಟ್ರಾಕ್ಟರ್‌ಗೆ ಕೊಡಿಸಿ, ಈ ಮಾತುಗಳನ್ನು ವರ್ಕ್ ಆರ್ಡರ್‌ನಲ್ಲೇ ಬರೆಸಿ. ಆಸ್ಬೆಸ್ಟಾಸ್ ಇಲ್ಲದ ಶೀಟೂ ಮಾರುಕಟ್ಟೆಯಲ್ಲಿದೆ, ಆದರೆ ಕಣ್ಣಿಂದ ನೋಡಿ ವ್ಯತ್ಯಾಸ ಹೇಳಲಾಗದು. ಲ್ಯಾಬ್ ವರದಿ ಇಲ್ಲದಿದ್ದರೆ ಆಸ್ಬೆಸ್ಟಾಸ್ ಇದೆ ಎಂದೇ ಲೆಕ್ಕ ಹಿಡಿಯಿರಿ. ಮೊದಲು ಕರೆಂಟ್ ಆಫ್. ಬೆಂಚು, ಪಾತ್ರೆ ಎಲ್ಲ ಹೊರಗೆ. ಶೀಟನ್ನು ಸೋಪು ಬೆರೆಸಿದ ನೀರಿನಿಂದ ನಿಧಾನವಾಗಿ ಒದ್ದೆ ಮಾಡಬೇಕು, ಕೆಲಸ ಮುಗಿಯುವ ತನಕ ಒದ್ದೆಯಾಗಿಯೇ ಇರಬೇಕು. ಜೆ ಬೋಲ್ಟ್ ಬಿಚ್ಚಬೇಕು. ತುಕ್ಕು ಹಿಡಿದಿದ್ದರೆ ಬೋಲ್ಟನ್ನೇ ಕತ್ತರಿಸಬೇಕು, ಶೀಟನ್ನು ಒಡೆಯಬಾರದು. ಒಂದೊಂದೇ ಶೀಟ್ ಇಡಿಯಾಗಿ ಕೈಯಿಂದ ಕೈಗೆ ಕೆಳಗಿಳಿಯಬೇಕು, ಮೇಲಿನಿಂದ ಎಸೆಯಬಾರದು. ಹಳೆ ಶೀಟಿನ ಮೇಲೆ ಯಾರೂ ಕಾಲಿಡಬಾರದು. ಒಮ್ಮೆಲೇ ಮುರಿದು ಕೆಳಗೆ ಬೀಳುತ್ತಾರೆ. ನಾರಿಗಿಂತ ಮೊದಲು ಕೊಲ್ಲುವುದು ಈ ಬೀಳುವಿಕೆ. ಕೆಳಗಿನಿಂದ ಸ್ಕಾಫೋಲ್ಡಿಂಗ್ ಕಟ್ಟಿಯೇ ಕೆಲಸ ಮಾಡಬೇಕು. ಬಟ್ಟೆಯ ಮಾಸ್ಕ್, ಸರ್ಜಿಕಲ್ ಮಾಸ್ಕ್ ಇಲ್ಲಿ ಪ್ರಯೋಜನವಿಲ್ಲ. ಸಣ್ಣ ಕಣ ತಡೆಯುವ ಫಿಲ್ಟರ್ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರಬೇಕು. ಹಾಕಿದ ಬಟ್ಟೆ ಮನೆಗೆ ಹೋಗಬಾರದು. ಕಾರ್ಮಿಕರ ಬಟ್ಟೆಯ ದೂಳಿನಿಂದಲೇ ಅವರ ಹೆಂಡತಿ ಮಕ್ಕಳಿಗೆ ಕಾಯಿಲೆ ಬಂದದ್ದು ಬೇರೆ ದೇಶಗಳಲ್ಲಿ ದಾಖಲಾಗಿದೆ. ನೆಲವನ್ನು ಹಿಡಿಸೂಡಿಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಹಳೆ ವಿದ್ಯಾರ್ಥಿಗಳ ಉತ್ಸಾಹ ಇಲ್ಲಿ ಕೆಲಸಕ್ಕೆ ಬರುವುದು ಹಣ ಸೇರಿಸುವುದರಲ್ಲಿ, ಸಾಮಾನು ಸಾಗಿಸುವುದರಲ್ಲಿ, ಮಾಡು ಆದ ಮೇಲೆ ಸುಣ್ಣ ಬಳಿಯುವುದರಲ್ಲಿ. ಶೀಟ್ ಇಳಿಯುವ ದಿನ ಕಂಪೌಂಡಿನ ಒಳಗೆ ಯಾರೂ ಇರಬಾರದು.

ಇಳಿದ ಶೀಟ್ ಎಲ್ಲಿಗೆ? ನಮ್ಮೂರಲ್ಲಿ ಅದು ಯಾರದೋ ಹಟ್ಟಿಯ ಮಾಡಾಗುತ್ತದೆ, ಸೌದೆ ಕೊಟ್ಟಿಗೆಯ ಮರೆಯಾಗುತ್ತದೆ. ಚೂರಾದದ್ದು ಶಾಲೆಯ ಮೈದಾನದ ಗುಂಡಿಗೆ ಬೀಳುತ್ತದೆ. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮಕ್ಕಳು ಆಡುವ ಮಣ್ಣಿಗೆ ಅದನ್ನು ಸೇರಿಸಬಾರದು. ದಪ್ಪ ಪಾಲಿಥೀನ್‌ನಲ್ಲಿ ಎರಡು ಸುತ್ತು ಸುತ್ತಿ, ಟೇಪ್ ಹಚ್ಚಿ, ಮೇಲೆ "ಆಸ್ಬೆಸ್ಟಾಸ್" ಎಂದು ಬರೆಯಿಸಿ. ಎಲ್ಲಿಗೆ ಸಾಗಿಸಬೇಕೆಂದು ಬೈಕಂಪಾಡಿಯ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೆ ಶಾಲೆಯ ಲೆಟರ್‌ಹೆಡ್‌ನಲ್ಲಿ ಬರೆದು ಮೊದಲೇ ಕೇಳಿ. ಗುಜರಿಯವರಿಗೆ ಕೊಡಬೇಡಿ.

ಬದಲಿಗೆ ಏನು ಹಾಕುವುದು ಎಂದು ನೀವು ಕೇಳಿಲ್ಲ, ಆದರೂ ಒಂದು ಮಾತು. 1865ರಿಂದ ಜೆಪ್ಪುವಿನಲ್ಲಿ ಹಂಚು ಸುಟ್ಟ ಊರು ನಮ್ಮದು, ಹಂಚು ತರಗತಿಯನ್ನು ತಂಪಾಗಿಯೂ ಇಡುತ್ತದೆ. ತಗಡಿನ ಮಾಡಾದರೆ ಜೂನ್ ಮಳೆಯಲ್ಲಿ ಟೀಚರ್ ಮಾತು ಹಿಂದಿನ ಬೆಂಚಿಗೆ ಕೇಳುವುದಿಲ್ಲ. ಆದರೆ ಹಂಚಿನ ಭಾರ ಶೀಟಿನ ಎರಡು ಪಟ್ಟಿಗೂ ಜಾಸ್ತಿ. ಶೀಟಿಗೆಂದು ಮಾಡಿದ ಕಬ್ಬಿಣದ ಟ್ರಸ್ ಅದನ್ನು ಹೊರುತ್ತದೆಯೇ, ಕೆಂಪುಕಲ್ಲಿನ ಗೋಡೆ ತಡೆಯುತ್ತದೆಯೇ ಎಂದು ಎಂಜಿನಿಯರ್ ಒಬ್ಬರು ಲೆಕ್ಕ ಹಾಕಿ ಬರೆದುಕೊಡಬೇಕು. ಏಪ್ರಿಲ್ ಮಧ್ಯಕ್ಕೆ ಆ ಲೆಕ್ಕ, ಎಸ್ಟಿಮೇಟ್, ಹಣ ಮೂರೂ ಕೈಯಲ್ಲಿ ಇಲ್ಲದಿದ್ದರೆ ಈ ವರ್ಷ ಮಾಡು ಬಿಚ್ಚಬೇಡಿ. ಬಿರುಕಿಲ್ಲದ ಶೀಟುಗಳಿಗೆ ಒಳಗಿನಿಂದ ಕೆರೆಯದೆ ಒಂದು ಕೋಟ್ ಪೇಂಟ್ ಹೊಡೆಸಿ, ಒಡೆದ ಶೀಟಿನ ಕೆಳಗಿನ ಕೋಣೆಗೆ ಬೀಗ ಹಾಕಿಸಿ, ಮುಂದಿನ ಬೇಸಿಗೆಗೆ ಈಗಿನಿಂದಲೇ ಕಂಟ್ರಾಕ್ಟರ್ ಹುಡುಕಿ.